ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕೃಷಿ ಅರಣ್ಯ ಮತ್ತು ಹವಾಮಾನ ಬದಲಾವಣೆ

ಕೃಷಿ ಅರಣ್ಯವು ಒಂದೇ ಜಮೀನಿನಲ್ಲಿ ಬೆಳೆ ಮತ್ತು ಮರಗಳನ್ನು ಒಟ್ಟಿಗೆ ಬೆಳೆಸುವ ಪದ್ಧತಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನು ಒಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ರಾಗಿ ಹೊಲಗಳ ಬದುಗಳ ಮೇಲೆ ಹೊಂಗೆ, ಹುಣಸೆ, ಹಲಸು, ಬೇವುಗಳನ್ನು ಉಳಿಸಿಕೊಳ್ಳುವ ರೂಢಿ ಹಳೆಯದು. ಹೊಂಗೆ ಸೊಪ್ಪು ಹೊಲಕ್ಕೆ ಹಸಿರೆಲೆ ಗೊಬ್ಬರವಾಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಖುಷ್ಕಿ ಬೇಸಾಯ ಮಳೆಯನ್ನೇ ನಂಬಿದೆ. ಮಳೆಯ ಕಾಲ ಮತ್ತು ಪ್ರಮಾಣ ಏರುಪೇರಾದಂತೆ, ಮರಗಳ ಸ್ಥಿತಿಯನ್ನು ನಿಯತವಾಗಿ ಗಮನಿಸಿ ನಿರ್ವಹಣೆಯನ್ನು ಬದಲಿಸಿಕೊಳ್ಳುವುದು ಅಗತ್ಯವಾಗಿದೆ.

ನೀಲಗಿರಿಯ ಅನುಭವ

1980ರ ದಶಕದ ಸಾಮಾಜಿಕ ಅರಣ್ಯ ಕಾರ್ಯಕ್ರಮಗಳ ಕಾಲದಲ್ಲಿ ಬೆಂಗಳೂರು, ಕೋಲಾರ ಭಾಗದ ಅನೇಕ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿಯ ಖರ್ಚು ಕಡಿಮೆ, ಬರವನ್ನು ತಡೆಯುವ ಶಕ್ತಿ ಹೆಚ್ಚು, ಮರಕ್ಕೆ ಮಾರುಕಟ್ಟೆಯೂ ಇತ್ತು. ಮರದ ಬೆಳವಣಿಗೆಯನ್ನಷ್ಟೇ ಅಳೆದರೆ ಈ ತೋಪುಗಳು ಯಶಸ್ವಿ. ಮಣ್ಣಿನ ತೇವಾಂಶವನ್ನೂ ಪಕ್ಕದ ಹೊಲದ ಇಳುವರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬೇರೆ. ಅಂತರ್ಜಲದ ಕುರಿತ ಆತಂಕದಿಂದ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡದಿಂದ ನೀಲಗಿರಿ ಮತ್ತೆ ಚಿಗುರುವುದರಿಂದ, ಹೊಲವನ್ನು ಬೇಸಾಯಕ್ಕೆ ಮರಳಿಸಲು ಬುಡವನ್ನೇ ಕೀಳಿಸಬೇಕು. ಸಣ್ಣ ರೈತನಿಗೆ ಈ ವೆಚ್ಚ ಕಡಿಮೆಯಲ್ಲ.

ಮೇಲ್ವಿಚಾರಣೆ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ (2011-12) ನೆಟ್ಟ ಸಸಿಗಳ ಬದಲು ಬದುಕುಳಿದ ಸಸಿಗಳನ್ನು ಎಣಿಸುತ್ತದೆ. ಪರಿಷ್ಕೃತ ದರದಂತೆ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಮೂರು ವರ್ಷಗಳ ಈ ಎಣಿಕೆಗೆ ಅರ್ಥವಿದೆ: 2022ರಲ್ಲಿ ಅತಿವೃಷ್ಟಿ ಕಂಡ ರಾಜ್ಯದಲ್ಲಿ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಎಣಿಕೆಯೊಂದಿಗೆ ಸಸಿ ಒಣಗಿದ ಕಾರಣ, ಕೀಟಬಾಧೆ, ಮರದ ಬಳಿಯ ಸಾಲುಗಳಲ್ಲಿ ಬೆಳೆಯ ಇಳುವರಿ ಇವುಗಳನ್ನೂ ದಾಖಲಿಸಿದರೆ ಮಾತ್ರ ಮುಂದಿನ ಬದಲಾವಣೆಗೆ ಆಧಾರ ಸಿಗುತ್ತದೆ. ಮಳೆಯ ಅಂಕಿಅಂಶಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿಂದ ದೊರೆಯುತ್ತವೆ.

ನಿರ್ವಹಣೆಯ ಮಾರ್ಪಾಡು

ಮುಂಗಾರು ತಡವಾದ ವರ್ಷ ಮಣ್ಣು ಚೆನ್ನಾಗಿ ನೆನೆದ ಮೇಲೆಯೇ ಸಸಿ ನೆಡುವುದು, ಇಳಿಜಾರಿಗೆ ಅಡ್ಡಲಾಗಿ ಕಂದಕ ಬದು ಹಾಕುವುದು, ಬುಡಕ್ಕೆ ಒಣ ಎಲೆ ಮುಚ್ಚುವುದು ಪ್ರಮುಖ ಕ್ರಮಗಳು. ಬೇಗ ಬೆಳೆಯುವ ಹೆಬ್ಬೇವಿನ ನೆರಳು ರಾಗಿಗೆ ತೊಡಕಾದಾಗ ಬಿತ್ತನೆಗೆ ಮುನ್ನ ಕೆಳಗಿನ ಕೊಂಬೆಗಳನ್ನು ಸವರಲಾಗುತ್ತದೆ. ಬಿತ್ತನೆ ಆಗಸ್ಟ್‌ಗೆ ಜಾರಿದರೆ ಮರಗಳ ನಡುವಿನ ಹೊಲಕ್ಕೆ ದೀರ್ಘಾವಧಿ ರಾಗಿಯ ಬದಲು ಜಿಪಿಯು-28, ಇನ್ನೂ ತಡವಾದರೆ ಜಿಪಿಯು-48 ತಳಿ ಸೂಕ್ತ.