ಶಾಲೆ ಬಿಟ್ಟ ಮಗು ಸಂಘದಿಂದಲೂ ದೂರ ಉಳಿಯಬೇಕೆ?

ಜೂನ್ ತಿಂಗಳ ನಡುವಿಗೆ ಮಹಾರಾಷ್ಟ್ರದ ಶಾಲೆಗಳು ಬಾಗಿಲು ತೆರೆಯುತ್ತವೆ. ರಜೆಗೆ ಊರಿಗೆ ಹೋದವರು ಮತ್ಸ್ಯಗಂಧ ರೈಲಿನಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿಯ ಗಂಟಿನೊಂದಿಗೆ ಮರಳುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ, ಸಮವಸ್ತ್ರ ಹೊಲಿಸುವ ಗಡಿಬಿಡಿ ಆರಂಭವಾಗುತ್ತದೆ. ಈ ಗಡಿಬಿಡಿ ಇಲ್ಲದ ಕೆಲವು ಮನೆಗಳೂ ಇವೆ. ಅಲ್ಲಿನ ಮಗು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತದೆ. ಸಂಘದ ಅರಿಶಿನ ಕುಂಕುಮ ಕಾರ್ಯಕ್ರಮದಲ್ಲಿ "ನಿಮ್ಮ ಮಗ ಯಾವ ಶಾಲೆ?" ಎಂದು ಯಾರಾದರೂ ಕೇಳಿದರೆ ತಾಯಿ ಮಾತು ಬದಲಿಸುತ್ತಾರೆ. ಮುಂದಿನ ಕಾರ್ಯಕ್ರಮಕ್ಕೆ ಅವರು ಬರುವುದೇ ಇಲ್ಲ.

ಇಂತಹ ಮಕ್ಕಳ ತೊಂದರೆ ಹೆಚ್ಚಾಗಿ ಒಂದೇ ಆಗಿರುವುದಿಲ್ಲ. ಓದುವಾಗ ಅಕ್ಷರ ಮತ್ತು ಧ್ವನಿಯ ನಂಟು ಕೂಡದಿರುವುದು ಡಿಸ್ಲೆಕ್ಸಿಯಾ. ಗಮನ ನಿಲ್ಲದೆ, ಕುಳಿತಲ್ಲಿ ಕೂರಲಾಗದಿರುವುದು ಎಡಿಎಚ್‌ಡಿ. ಇವುಗಳ ಜೊತೆಗೆ ಕೆಲವರಿಗೆ ಶಬ್ದ, ಬೆಳಕು, ಸ್ಪರ್ಶ ಯಾವುದೂ ಸಹ್ಯವಾಗದು. ಅಂಗಿಯ ಕಾಲರಿನ ಲೇಬಲ್ ಚುಚ್ಚುತ್ತದೆ, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಅರವತ್ತು ಮಕ್ಕಳು ಒತ್ತಾಗಿ ಕುಳಿತ ತರಗತಿಯಲ್ಲಿ, ಹೊರಗೆ ರಿಕ್ಷಾಗಳ ಹಾರ್ನ್ ಕೇಳುತ್ತಿರುವಾಗ, ಆ ಮಗುವಿಗೆ ಶಿಕ್ಷಕಿಯ ಮಾತು ಅನೇಕ ಸದ್ದುಗಳಲ್ಲಿ ಒಂದು ಸದ್ದು ಮಾತ್ರ. ಇದನ್ನು ಸೋಮಾರಿತನವೆಂದೂ, ತಾಯಿ ಮುದ್ದು ಮಾಡಿ ಕೆಡಿಸಿದ್ದೆಂದೂ ಹೇಳುವವರು ಇಂದಿಗೂ ಇದ್ದಾರೆ. 2007ರ ಡಿಸೆಂಬರ್‌ನಲ್ಲಿ ತೆರೆಕಂಡ 'ತಾರೆ ಜಮೀನ್ ಪರ್' ನೋಡಿ ಕಣ್ಣೀರು ಹಾಕಿದವರೂ ಅವರಲ್ಲಿದ್ದಾರೆ ಎಂಬುದು ವಿಚಿತ್ರ.

ನಮ್ಮ ಮಕ್ಕಳ ಹೊರೆ ಇನ್ನೂ ಒಂದು ತೂಕ ಹೆಚ್ಚು. ಮನೆಯಲ್ಲಿ ತುಳು ಅಥವಾ ಕನ್ನಡ, ಕಟ್ಟಡದ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. 2020ರ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಭಾನುವಾರ ಸಂಘದ ಕನ್ನಡ ತರಗತಿ ಬೇರೆ. ಹೀಗೆ ಮೂರು ಲಿಪಿಗಳಾದವು. ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರಗಳು ಅದಲುಬದಲಾಗುವುದನ್ನು ಎಲ್ಲರೂ ಬಲ್ಲರು. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನಕ್ಕಿಂತ ಮೊದಲು ಬರುತ್ತದೆ, ಉಚ್ಚಾರ ಮಾತ್ರ ಅನಂತರ. ಕನ್ನಡದಲ್ಲಿ 'ಸೂರ್ಯ' ಎಂದು ಬರೆಯುವಾಗ ಅರ್ಕಾವೊತ್ತು ಕೊನೆಯಲ್ಲಿ ನಿಲ್ಲುತ್ತದೆ, ಉಚ್ಚಾರದಲ್ಲಿ ಅದು ಯಕಾರಕ್ಕಿಂತ ಮುಂದೆ. ವ, ಪ, ಷ, ಮ ಇವುಗಳ ನಡುವೆ ಒಂದೊಂದು ಗೆರೆಯ ವ್ಯತ್ಯಾಸ. ಕನ್ನಡ ಓದಿನ ಕಲಿಕೆಯ ಕುರಿತು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ ಎಂಬುದು ಕಂಡುಬಂದಿತ್ತು. ತೊಂದರೆ ಇರುವ ಮಗುವನ್ನು ಆರು ತಿಂಗಳಲ್ಲಿ ಮೂರು ಲಿಪಿ ಓದಿಸಹೊರಟರೆ ಫಲ ಏನೆಂದು ಹೇಳಬೇಕಾಗಿಲ್ಲ.

ಹಾಗೆಂದು ಕನ್ನಡವನ್ನೇ ಬಿಡಿಸುವುದು ತಪ್ಪು. ಶಾಲೆಯ ಸಲಹೆಯಂತೆ "ಮನೆಯಲ್ಲೂ ಇಂಗ್ಲಿಷೇ ಮಾತನಾಡಿ" ಎಂದು ಅಜ್ಜಿಯ ಬಾಯಿ ಮುಚ್ಚಿಸಿದ ಮನೆಗಳಿವೆ. ಬಹುಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಲಿಪಿ ತಡವಾಗಲಿ, ಮಾತು ನಿಲ್ಲದಿರಲಿ. ಅಜ್ಜಿಯ ಕತೆ ಕೇಳಿ ಬೆಳೆದ ಪದಸಂಪತ್ತೇ ಮುಂದೆ ಓದಿಗೆ ಆಸರೆಯಾಗುತ್ತದೆ.

ಮನೆಪಾಠದ ವಿಷಯಕ್ಕೆ ಬಂದರೆ, ಶಾಲೆಯ ಐದು ಗಂಟೆಯನ್ನು ಊಟದ ಮೇಜಿಗೆ ಸಾಗಿಸಿದರೆ ಏನೂ ಬದಲಾಗದು. ಹತ್ತು ಹದಿನೈದು ನಿಮಿಷದ ಪಾಠ, ನಡುವೆ ಮೈಗೆ ಕೆಲಸ, ಮತ್ತೆ ಪಾಠ. ಚಪಾತಿ ಹಿಟ್ಟು ನಾದುವುದು, ಚಕ್ಕುಲಿ ಒರಳು ಒತ್ತುವುದು, ನೀರಿನ ಕೊಡ ಎತ್ತುವುದು ಇವೆಲ್ಲ ಕೆಲವು ಮಕ್ಕಳ ಮೈಯ ಚಡಪಡಿಕೆಯನ್ನು ಇಳಿಸುತ್ತವೆ. ಆಕ್ಯುಪೇಷನಲ್ ಥೆರಪಿಯವರು ಹೇಳಿಕೊಡುವುದೂ ಈ ಬಗೆಯ ಚಟುವಟಿಕೆಗಳನ್ನೇ. ಇವು ರೋಗ ವಾಸಿ ಮಾಡುವ ಮದ್ದಲ್ಲ, ಮಗು ಕೂರುವಂತಾಗಲು ಒಂದು ದಾರಿ ಮಾತ್ರ. ವಿಜಯದಶಮಿಯಂದು ಹರಿವಾಣದ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಓಂಕಾರ ಬರೆಸುವುದು ನಮ್ಮಲ್ಲಿ ಒಂದು ದಿನದ ಶಾಸ್ತ್ರ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲ್ಲಿಂಗಮ್ ರೂಪಿಸಿದ ಓದಿನ ಪದ್ಧತಿಯಲ್ಲೂ ಕಣ್ಣು, ಕಿವಿ, ಬೆರಳು ಮೂರೂ ಕೂಡಿ ಅಕ್ಷರ ಕಲಿಯುತ್ತವೆ. ಹರಿವಾಣದ ಅಕ್ಕಿಯನ್ನು ದಿನವೂ ಇಟ್ಟರೆ, ಬರೆಯುವಾಗ ಧ್ವನಿಯನ್ನೂ ಗಟ್ಟಿಯಾಗಿ ಹೇಳಿಸಿದರೆ, ಖರ್ಚಿಲ್ಲದ ಪಾಠವಾಯಿತು. ಬಣ್ಣದ ಕನ್ನಡಕ, ಮೆದುಳು ಚುರುಕಾಗಿಸುವ ಪುಡಿ ಎಂದು ಸಾವಿರಾರು ರೂಪಾಯಿ ಕೇಳುವವರಿಂದ ದೂರವಿರುವುದು ಲೇಸು.

ಆದರೆ ಪಾಠಕ್ಕಿಂತ ಮೊದಲು ತಪಾಸಣೆ ಆಗಬೇಕು. ಕಣ್ಣು, ಕಿವಿ ಸರಿಯಿವೆಯೇ ಎಂಬುದು ಮೊದಲ ಪರೀಕ್ಷೆ. ಗಮನದ ತೊಂದರೆ ತೀವ್ರವಾಗಿದ್ದರೆ ಮಕ್ಕಳ ಮನೋವೈದ್ಯರು ಔಷಧಿಯನ್ನೂ ಸೂಚಿಸಬಹುದು, ಅದಕ್ಕೆ ನಾಚಿಕೆ ಬೇಕಿಲ್ಲ. ಥಾಣೆಯಲ್ಲಿ 1990ರಿಂದ ಡಾ. ಆನಂದ ನಾಡಕರ್ಣಿ ಅವರ ಐಪಿಎಚ್ ಮಾನಸಿಕ ಆರೋಗ್ಯ ಸಂಸ್ಥೆ ಕೆಲಸ ಮಾಡುತ್ತಿದೆ. ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಇಟಿಸಿ ಕೇಂದ್ರ ವಿಶೇಷ ಮಕ್ಕಳಿಗಾಗಿಯೇ ಇದೆ. ಓದಿನ ತೊಂದರೆಯ ಪ್ರಮಾಣಪತ್ರಕ್ಕೆ ಸಯನ್‌ನ ಲೋಕಮಾನ್ಯ ತಿಲಕ್, ಪರೇಲ್‌ನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳನ್ನು ಆಶ್ರಯಿಸುವವರೇ ಹೆಚ್ಚು. ಸದ್ದು, ನೂಕುನುಗ್ಗಲು ತಡೆಯದ ಮಗುವನ್ನು ಬೆಳಗಿನ ಎಂಟು ಗಂಟೆಯ ಲೋಕಲಿನಲ್ಲಿ ಡೊಂಬಿವಲಿಯಿಂದ ಸಯನ್‌ಗೆ ಕರೆದೊಯ್ಯುವುದು ಸುಲಭದ ಮಾತಲ್ಲ. ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದೂ ಇಲ್ಲ. ಆದರೂ ಹೋಗಲೇಬೇಕು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಮಗುವಿನ ನಿಜಸ್ಥಿತಿ ತಿಳಿಯದು ಎಂಬ ದೂರಿಗೂ ಈಗ ಉತ್ತರವಿದೆ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನೊಂದಿಗೆ ಕನ್ನಡದಲ್ಲೂ ಇದೆ.

ಪ್ರಮಾಣಪತ್ರ ಎಂದರೆ ಮಗುವಿನ ಹಣೆಗೆ ಚೀಟಿ ಅಂಟಿಸಿದಂತೆ ಎಂದು ಹಿಂಜರಿಯುವ ತಂದೆತಾಯಿಗಳು ಅನೇಕ. ಪೆಟ್ಟು ಬೀಳುವುದು ಹತ್ತನೆಯ ತರಗತಿಯ ಹೊತ್ತಿಗೆ. ಮಹಾರಾಷ್ಟ್ರದಲ್ಲಿ 1996ರಿಂದಲೇ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ರಿಯಾಯಿತಿ ದೊರೆಯುತ್ತಾ ಬಂದಿದೆ. ಹೆಚ್ಚುವರಿ ಸಮಯ, ಕಾಗುಣಿತ ತಪ್ಪಿಗೆ ಅಂಕ ಕಡಿಯದಿರುವುದು, ಒಂದು ಭಾಷೆಯ ಬದಲು ಬೇರೆ ವಿಷಯ, ರೈಟರ್‌ನ ಸಹಾಯ ಹೀಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕೆಯ ನಿರ್ದಿಷ್ಟ ತೊಂದರೆಯನ್ನು 21 ವೈಕಲ್ಯಗಳಲ್ಲಿ ಸೇರಿಸಿದೆ. ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ ಎಂಬುದನ್ನೂ ತಿಳಿದಿರಬೇಕು. ಇದೆಲ್ಲ ಕೈಗೆ ಸಿಗುವುದು ಕಾಗದ ಇದ್ದರೆ ಮಾತ್ರ. ಖಾಸಗಿ ತಜ್ಞರ ವರದಿ ಮನೆಪಾಠಕ್ಕೆ ಸಾಕು, ಪರೀಕ್ಷಾ ಮಂಡಳಿಗೆ ಸಾಲದು.

ಮನೆಯಲ್ಲೇ ಕಲಿತವರಿಗೆ ಪರೀಕ್ಷೆಯ ದಾರಿ ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ನೋಂದಾಯಿಸಬಹುದು. ಐದು ವಿಷಯ ಸಾಕು, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಲು ಅವಕಾಶವಿದೆ. ವಿಷಯಗಳಲ್ಲಿ ಚಿತ್ರಕಲೆ, ಗೃಹವಿಜ್ಞಾನ, ಡಾಟಾ ಎಂಟ್ರಿಯೂ ಇವೆ. ಭಾಷೆಯಾಗಿ ಕನ್ನಡವನ್ನೂ ಆಯ್ಕೆ ಮಾಡಿಕೊಳ್ಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಹೆದರಿ ಮನೆಪಾಠವನ್ನು ಗುಟ್ಟಾಗಿಡುವವರಿಗೆ ಒಂದು ಮಾತು: ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಅದು ಹೇಳುತ್ತದೆ, ಆದರೆ ಅವರಿಗೆ ದಂಡ ವಿಧಿಸುವ ಕಲಂ ಅದರಲ್ಲಿಲ್ಲ. 2016ರಲ್ಲಿ ಮನೆಯಲ್ಲೇ ಕಲಿತ ಮುಂಬಯಿಯ ಮಾಳವಿಕಾ ಜೋಶಿ ಅಮೆರಿಕದ ಎಂಐಟಿ ಸೇರಿದಾಗ ಎಲ್ಲರೂ ಹೊಗಳಿದರು. ಆದರೆ ಆ ಹೆಸರನ್ನು ಅಕ್ಷರ ಕೂಡಿಸಲು ಹೆಣಗುವ ಹುಡುಗನ ಎದುರು ಎತ್ತದಿರುವುದೇ ಉಪಕಾರ.

ಇಲ್ಲಿ ಸಂಘಗಳ ಪಾತ್ರ ಬರುತ್ತದೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಒಂದು ತಲೆಮಾರೇ ಮುಂಬಯಿ ಕನ್ನಡಿಗರಲ್ಲಿದೆ. ಎಲ್ಲರೂ ಹೋಗುವ ಹೊತ್ತಿಗೆ ಶಾಲೆಗೆ ಹೋಗದವರು ಕಲಿಯಲಾರರು ಎಂಬ ಮಾತನ್ನು ಈ ಸಮಾಜ ಒಪ್ಪಬೇಕಾಗಿಲ್ಲ. ಆದರೂ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಶಾಲೆಯ ಹೆಸರು, ಮುಖ್ಯಾಧ್ಯಾಪಕರ ಸಹಿ ಕೇಳಿದರೆ ಮನೆಯಲ್ಲಿ ಕಲಿಯುವ ಮಗು ಅಲ್ಲಿಗೇ ಹೊರಗುಳಿಯುತ್ತದೆ. ಎನ್‌ಐಓಎಸ್ ನೋಂದಣಿ ಚೀಟಿಯೂ ನಡೆಯುತ್ತದೆ ಎಂದು ಒಂದು ಸಾಲು ಸೇರಿಸಲು ಮಹಾಸಭೆ ಕರೆಯಬೇಕಾಗಿಲ್ಲ. ಪ್ರತಿಭಾ ಪುರಸ್ಕಾರಕ್ಕೂ ಇದೇ ಮಾತು.

ಯಕ್ಷಗಾನ ತರಬೇತಿ ಇಂತಹ ಮಕ್ಕಳಲ್ಲಿ ಹಲವರಿಗೆ ಹೇಳಿಸಿದಂತಿದೆ, ಅಲ್ಲಿ ಕಲಿಕೆ ಕಿವಿಯಿಂದ, ಕಾಲಿನಿಂದ. ಚೆಂಡೆಯ ಸದ್ದು ತಡೆಯದವರಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂರಲು ಬಿಟ್ಟರಾಯಿತು, ತಿರುಗಿ ನೋಡುವವರು ನೋಡಲಿ.

ಯುವ ವಿಭಾಗಕ್ಕೂ ಒಂದು ಕೆಲಸವಿದೆ. ಹತ್ತನೆಯ ತರಗತಿಯ ಪರೀಕ್ಷೆಗೆ ರೈಟರ್ ಆಗಿ ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿಯೇ ಬೇಕು. ಪರೀಕ್ಷೆ ಹತ್ತಿರ ಬಂದಾಗ ಅವನನ್ನು ಹುಡುಕಿ ತಾಯಂದಿರು ಅಲೆಯುತ್ತಾರೆ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಓದುವ ಸದಸ್ಯರ ಮಕ್ಕಳ ಹೆಸರು, ಅವರು ಬರೆಯಬಲ್ಲ ಭಾಷೆ, ಇರುವ ಸ್ಟೇಷನ್ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕಲ್ಯಾಣ್‌ನ ಮಗುವಿಗೆ ಕಲ್ಯಾಣ್‌ನಲ್ಲೇ ರೈಟರ್ ಸಿಗಬಹುದು. ಪರೀಕ್ಷೆಗೆ ಮುನ್ನ ಇಬ್ಬರೂ ನಾಲ್ಕಾರು ಸಲ ಜೊತೆಗೆ ಕುಳಿತು ಅಭ್ಯಾಸ ಮಾಡಬೇಕಾಗುವುದರಿಂದ ಪಟ್ಟಿ ದೀಪಾವಳಿಯ ಮೊದಲೇ ಸಿದ್ಧವಾಗಬೇಕು.