ಹೊಡೆದಾಟ ಅದ್ಭುತ, ಕತೆ ಎಲ್ಲಿ?

ಹೊಡೆದಾಟದ ಸಿನಿಮಾಗಳೆಂದರೆ ನಿಮ್ಮ ಮನೆಯ ಹುಡುಗರು ಊಟ-ನಿದ್ದೆ ಮರೆಯುತ್ತಾರೆಯೇ? ಗದರಿಸುವ ಮುನ್ನ, ಅವರನ್ನು ಸೆಳೆಯುವುದೇನು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

2011ರಲ್ಲಿ ಬಂದ ಇಂಡೋನೇಷ್ಯಾದ ‘ದಿ ರೇಡ್’ ಚಿತ್ರವನ್ನೇ ತೆಗೆದುಕೊಳ್ಳಿ. ಅದರ ನಾಯಕ ರಾಮ ಎಂಬ ಯುವ ಪೊಲೀಸ್. ಚಿತ್ರದ ಆರಂಭದಲ್ಲಿ ಆತ ನಮಾಝ್ ಮಾಡಿ, ಗರ್ಭಿಣಿ ಪತ್ನಿಗೆ ವಿದಾಯ ಹೇಳಿ ಕೆಲಸಕ್ಕೆ ಹೊರಡುತ್ತಾನೆ. ಜಕಾರ್ತದ ಬಹುಮಹಡಿ ಕಟ್ಟಡವೊಂದರಲ್ಲಿ ಅಡಗಿರುವ ಪಾತಕಿಯನ್ನು ಹಿಡಿಯಲು ಹೋದ ತಂಡ ಒಳಗೇ ಸಿಕ್ಕಿಬೀಳುತ್ತದೆ. ಆಮೇಲಿನದು ಬಹುಪಾಲು ಬಡಿದಾಟವೇ.

ಬಡಿದಾಟವೇನೋ ಅಪ್ಪಟ. ನಾಯಕ ನಟ ಇಕೊ ಉವೈಸ್ ಅಲ್ಲಿನ ‘ಪೆನ್ಚಾಕ್ ಸಿಲಾತ್’ ಎಂಬ ಸಾಂಪ್ರದಾಯಿಕ ಕಲೆಯನ್ನು ನಿಜವಾಗಿ ಕಲಿತವರು. ಈ ಕಲೆಯನ್ನು 2019ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಥಾಯ್ಲೆಂಡಿನ ಟೋನಿ ಜಾ ಕೂಡ 2003ರ ‘ಓಂಗ್ ಬಾಕ್’ ಚಿತ್ರದಲ್ಲಿ ಹಗ್ಗ, ಕಂಪ್ಯೂಟರ್‌ಗಳ ನೆರವಿಲ್ಲದೆ ಹಾರಿ ಜಿಗಿದು ಜಗತ್ತನ್ನು ಬೆರಗುಗೊಳಿಸಿದರು.

ಆದರೆ ಕತೆ? ‘ಓಂಗ್ ಬಾಕ್’ನಲ್ಲಿ ಹಳ್ಳಿಯ ಬುದ್ಧ ವಿಗ್ರಹದ ತಲೆ ಕಳವಾಗುತ್ತದೆ. 2005ರ ‘ಟಾಮ್ ಯಮ್ ಗೂಂಗ್’ನಲ್ಲಿ ಆನೆಗಳು ಕಳವಾಗುತ್ತವೆ. ಎರಡರಲ್ಲೂ ನಾಯಕ ಹುಡುಕಿ ಹೋಗಿ ಹೊಡೆಯುತ್ತಾನೆ. ‘ದಿ ರೇಡ್’ನಲ್ಲಿ ಪಾತಕಿಯ ಬಲಗೈ ಬಂಟ ರಾಮನ ಸ್ವಂತ ಅಣ್ಣ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಪೊಲೀಸನೂ ಇನ್ನೊಬ್ಬ ಅಪರಾಧಿಯೂ ಆದದ್ದೇಕೆ? ತಾಯಂದಿರ ಎದೆಗೆ ನಾಟುವ ಈ ಪ್ರಶ್ನೆಯನ್ನು ಚಿತ್ರ ಮೇಲಿಂದ ಮೇಲೆ ಮುಟ್ಟಿ ಬಿಟ್ಟುಬಿಡುತ್ತದೆ. ಪತ್ನಿಯಂತೂ ಆರಂಭದ ಕೆಲವು ಕ್ಷಣಗಳಿಗಷ್ಟೇ ಸೀಮಿತ.

ಇದಕ್ಕೆ ಹಣದ ಕೊರತೆಯೂ ಒಂದು ಕಾರಣ. ನಿರ್ದೇಶಕ ಗ್ಯಾರೆತ್ ಇವಾನ್ಸ್ ಮೊದಲು ಬರೆದದ್ದು ದೊಡ್ಡ ಕತೆ. ಅದಕ್ಕೆ ಬಂಡವಾಳ ಸಿಗದಾಗ ಒಂದೇ ಕಟ್ಟಡದೊಳಗೆ ಮುಗಿಯುವ ಈ ಕತೆ ಹೆಣೆದರು. ಆ ದೊಡ್ಡ ಕತೆ 2014ರಲ್ಲಿ ಎರಡನೇ ಭಾಗವಾಗಿ ಬಂತು.

ಇಲ್ಲಿ ನೀವು ಗಮನಿಸಬೇಕಾದುದೊಂದಿದೆ. ಕತೆ ತೆಳುವಾದಾಗ ಏಟು ತಿಂದವನು ಮನುಷ್ಯನಾಗಿ ಉಳಿಯುವುದಿಲ್ಲ. ಬಿದ್ದವನಿಗೆ ಹೆಸರಿಲ್ಲ, ಮನೆಯಿಲ್ಲ, ಕಾಯುವ ತಾಯಿಯಿಲ್ಲ. ನೋವು ಕಾಣದ ಹೊಡೆತ ಮಕ್ಕಳಿಗೆ ಆಟವಾಗಿ ತೋರುತ್ತದೆ. ‘ದಿ ರೇಡ್’ಗೆ ಬ್ರಿಟನ್ನಿನಲ್ಲಿ 18 ದಾಟಿದವರಿಗೆ ಮಾತ್ರ ಎಂಬ ದರ್ಜೆ ನೀಡಲಾಗಿತ್ತು. ಚಿಕ್ಕವರಿಗೆ ಇಂತಹ ಚಿತ್ರ ಬೇಡವೆಂದು ಕಾರಣಸಹಿತ ಹೇಳಿ. ಕಲೆಯ ಮೇಲೆ ಆಸೆಯಿದ್ದರೆ ಒಳ್ಳೆಯ ಗುರುವಿನ ಬಳಿ ಕಳುಹಿಸಿ, ಕೈ ಎತ್ತುವುದಕ್ಕಿಂತ ಕೈ ತಡೆಯುವುದು ಕಷ್ಟವೆಂದು ಅಲ್ಲಿ ಕಲಿಯಲಿ. ಬೆಳೆದ ಮಗ ನೋಡಿ ಬಂದರೆ ಒಂದು ಪ್ರಶ್ನೆ ಕೇಳಿ: “ಬಿದ್ದವನ ಮನೆಯಲ್ಲಿ ಆ ರಾತ್ರಿ ಏನಾಗಿರಬಹುದು, ಮಗಾ?”