ಮುನ್ನೂರು ಜೋಡಿ ಕೈಗಳಿಂದ ಒಂದು ಜೋಡಿಗೆ

1816ರಲ್ಲಿ ಬಾಂಬೆಯ ಹಡಗುಕಟ್ಟೆಯಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಹೊಸ ಹಡಗೊಂದರ ತಳದ ತೊಲೆಗೆ ಬೆಳ್ಳಿಯ ಮೊಳೆ ಹೊಡೆದರು. ಹಡಗಿಗೆ ಒಳಿತಾಗಲೆಂದು ಪಾರ್ಸಿಗಳು ನಡೆಸಿಕೊಂಡು ಬಂದ ಶಾಸ್ತ್ರ ಅದು. ಮರುವರ್ಷ ನೀರಿಗಿಳಿದ ಆ ‘ಟ್ರಿಂಕೋಮಲಿ’ ಬ್ರಿಟಿಷ್ ನೌಕಾದಳದ್ದು. ಯುದ್ಧಗಳಿಂದ ಅವರ ಓಕ್ ಮರ ಸಾಲದಾಗಿತ್ತು, ಮಲಬಾರಿನ ತೇಗವೇ ಗತಿಯಾಯಿತು. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ, ತೇಗದ ಎಣ್ಣೆ ಅದನ್ನು ಕಾಪಾಡುತ್ತದೆ. ಮುಂಬಯಿಯ ಬಡಗಿಗಳ ಆ ಕೆಲಸ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಆದರೆ ಅದನ್ನು ನಡೆಸಲು 300ರ ಆಸುಪಾಸಿನಲ್ಲಿ ಜನ ಬೇಕಿತ್ತು. ಗಾಳಿ ಜೋರಾದರೆ ನಾವಿಕರು ಕಂಬ ಹತ್ತಿ, ಅಡ್ಡಮರಕ್ಕೆ ಹೊಟ್ಟೆಯಾನಿಸಿ, ಒದ್ದೆ ಹಾಯಿಯನ್ನು ಕೈಯಿಂದಲೇ ಮಡಚಬೇಕು. ದೊಡ್ಡ ಹಾಯಿನೌಕೆ ಕಟ್ಟುವವರನ್ನು ಮುಂದೆಯೂ ಕಾಡಿದ ಪ್ರಶ್ನೆ ಇದೇ: ಇಷ್ಟು ಬಟ್ಟೆಯನ್ನು ಕಡಿಮೆ ಜನ ಆಳುವುದು ಹೇಗೆ?

ಸಿರಿವಂತರ ವಿಹಾರನೌಕೆಗಳಲ್ಲಿ ಅದಕ್ಕೆ ಸಿಕ್ಕ ಬೆರಗಿನ ಉತ್ತರ 2006ರ ‘ಮಾಲ್ಟೀಸ್ ಫಾಲ್ಕನ್’. 88 ಮೀಟರ್ ಉದ್ದ, ಮೂರು ಕಾರ್ಬನ್ ಕಂಬ, 15 ಹಾಯಿ. ಟ್ರಿಂಕೋಮಲಿಯಂತೆ ಇದರದ್ದೂ ಚೌಕ ಹಾಯಿಗಳೇ, ಆದರೆ ಮೇಲೆ ಹತ್ತುವವರಿಲ್ಲ. ಹಾಯಿಗಳು ಕಂಬದೊಳಗೇ ಸುರುಳಿಯಾಗುತ್ತವೆ, ಗಾಳಿಗೆ ತಕ್ಕಂತೆ ಇಡೀ ಕಂಬವೇ ತಿರುಗುತ್ತದೆ. 1960ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಪ್ರೋಲ್ಸ್ ಇದನ್ನು ಯೋಚಿಸಿದ್ದು ಸರಕು ಹಡಗಿಗಾಗಿ.

ನಮ್ಮ ಕಡಲಿನ ಉತ್ತರ ಇಷ್ಟು ದುಬಾರಿಯಲ್ಲ, ಆದರೆ ಮನಸ್ಸು ಹೆಚ್ಚು ನಿಲ್ಲುವುದು ಅದರ ಮೇಲೆಯೇ.

ಗೋವಾದ ದಿವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ನೌಕಾಪಡೆಗಾಗಿ ಕಟ್ಟಿದ 56 ಅಡಿಯ ‘ಮ್ಹಾದೇಯಿ’ 2009ರಲ್ಲಿ ಸೇವೆಗೆ ಸೇರಿತು. ನಕ್ಷೆ ಡಚ್ಚರದು. ಒಡಲು ಮಾತ್ರ ಹಳೆಯ ಬಡಗಿತನಕ್ಕೂ ಹೊಸ ರಸಾಯನಕ್ಕೂ ಹಾಕಿದ ಬೆಸುಗೆ: ಕೆಂಪು ಸೀಡರ್ ಮರದ ಸಪೂರ ಪಟ್ಟಿಗಳನ್ನು ಒಂದರ ಮಗ್ಗುಲಿಗೊಂದು ಜೋಡಿಸಿ, ಮೇಲೆ ಗಾಜಿನ ನಾರು, ಎಪಾಕ್ಸಿ ಅಂಟು. ಹಗುರವೂ ಹೌದು, ಗಟ್ಟಿಯೂ ಹೌದು. ಮುಂದಿನ ಹಾಯಿ ಹಗ್ಗ ಎಳೆದರೆ ಸುರುಳಿ ಸುತ್ತಿಕೊಳ್ಳುತ್ತದೆ. ಹಿಂಬದಿಯಲ್ಲಿ ಗಾಳಿಗೆ ವಾಲುವ ಒಂದು ರೆಕ್ಕೆ ಚುಕ್ಕಾಣಿಯನ್ನು ತಾನೇ ತಿದ್ದುತ್ತದೆ, ಒಬ್ಬಂಟಿ ನಾವಿಕನ ನಿದ್ದೆ ಅದರ ದಯೆ. ಹೆಸರು ನಮಗೂ ಹತ್ತಿರದ್ದು: ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ನದಿಯೇ ಆ ಮ್ಹಾದೇಯಿ.

ಇದರಲ್ಲೇ ನೌಕಾಪಡೆಯ ದಿಲೀಪ್ ದೋಂದೆ 2010ರಲ್ಲಿ ಒಬ್ಬರೇ ಭೂಮಿ ಸುತ್ತಿ ಮುಗಿಸಿದರು, ನಡುವೆ ನಾಲ್ಕು ಬಂದರುಗಳಲ್ಲಿ ತಂಗಿದ್ದರು. 2012ರ ನವೆಂಬರ್ 1ರಂದು ಇದರಲ್ಲೇ ಮುಂಬಯಿಯಿಂದ ಹೊರಟ ನೌಕಾಪಡೆಯವರೇ ಆದ ಅಭಿಲಾಷ್ ಟಾಮಿ ಎಲ್ಲಿಯೂ ದಡ ಮುಟ್ಟಲಿಲ್ಲ. ಐದು ತಿಂಗಳ ಬಳಿಕ, ಮಾರ್ಚ್ 31ರಂದು, ವಾಡಿಯಾ ಬೆಳ್ಳಿಯ ಮೊಳೆ ಹೊಡೆದ ಅದೇ ಮುಂಬಯಿ ಬಂದರಿಗೆ ಮ್ಹಾದೇಯಿ ಮರಳಿದಾಗ ಅದರಲ್ಲಿದ್ದವರು ಒಬ್ಬರೇ.